ದೇವೀರತ್ತೆಯ ಎಡೆ

“ನಮ್ಮತ್ತೆ ಹೆಸರೂ ದೇವೀರಮ್ಮ ಅಂತಾನೇ ಟೀಚರ್. ಆದ್ರೆ ಅವರು ಸತ್ತೋಗ್ಬುಟ್ಟಿದಾರೆ.”

ಸರ್ವಮಂಗಳಾ ಇಷ್ಟು ಹೇಳಿ, ಕರ್ಚೀಫಿನ ಅಂಚು ಮಡಿಸಿ ಮತ್ತೆ ಹೊಲಿಯತೊಡಗಿದಳು. ಹೊಲಿಗೆ ಪೀರಿಯಡ್ಡಿನಲ್ಲಿ ಕೈಯ ಜೊತೆ ಬಾಯಿಯೂ ಓಡಬಹುದು. ಲೆಕ್ಕದ ಮೇಷ್ಟರ ಕ್ಲಾಸಿನ ಹಾಗಲ್ಲ. ಅದಕ್ಕೇ ಅವಳಿಗೆ ಈ ಪೀರಿಯಡ್ಡು ಅಂದರೆ ಪ್ರಾಣ. ಅವಳ ಬಾಯಿಗೆ ಬೀಗ ಹಾಕುವವರು ಇಡೀ ಮಂಡಿ ಮೊಹಲ್ಲಾದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೊಲಿಗೆ ಟೀಚರ್ ಈ ಸ್ಕೂಲಿಗೆ ಹೊಸಬರು. ಬೇಸಿಗೆ ರಜೆ ಮುಗಿದ ಮೇಲೆ ಹಾಸನದಿಂದ ವರ್ಗವಾಗಿ ಬಂದಿದ್ದರು. ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ ಮನೆ ಎಲ್ಲಿ ಎಂದು ಕೇಳಿದ್ದರು. “ಮಂಡಿ ಮೊಹಲ್ಲಾ ಟೀಚರ್. ಹಗ್ಗದಂಗಡಿ ಚೆಲುವಯ್ಯನೋರ ಮೊಮ್ಮಗಳು” ಎಂದಿದ್ದಳು ಸರ್ವಮಂಗಳಾ. ಅವತ್ತಿನಿಂದ ಅವಳಿಗೆ ಟೀಚರ ಕುರ್ಚಿಯ ಪಕ್ಕದಲ್ಲೇ ಜಾಗ. ಜಡೆ ಬಿಚ್ಚಿಹೋದರೆ ಟೀಚರೇ ಹಾಕುತ್ತಿದ್ದರು. “ನಿಮ್ಮ ತಾತಂಗೆ ಕೆಮ್ಮು ಹೇಗಿದೆ?” ಎಂದು ಆಗಾಗ ವಿಚಾರಿಸುತ್ತಿದ್ದರು. ತಾತನಿಗೆ ಕೆಮ್ಮು ಇರುವುದು ಇವರಿಗೆ ಹೇಗೆ ಗೊತ್ತು ಎಂದು ಸರ್ವಮಂಗಳಾ ಯಾವತ್ತೂ ಯೋಚಿಸಿರಲಿಲ್ಲ.

ಈಗ ಟೀಚರ ಸೂಜಿ ನಿಂತಿತು. “ಸತ್ತೋದ್ರು ಅಂತ ಯಾರು ಹೇಳಿದ್ರು?”

“ಯಾರೂ ಹೇಳೋದೇ ಬೇಡ ಟೀಚರ್. ಪ್ರತಿ ವರ್ಷ ಪಿತೃಪಕ್ಷದ ಹಬ್ಬಕ್ಕೆ ಎಡೆ ಇಡ್ತೀವಲ್ಲ. ಅಜ್ಜಿಗೊಂದು, ಅತ್ತೆಗೊಂದು.”

ತೀರಿಕೊಂಡವರ ಹೆಸರಲ್ಲಿ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿಡುವುದೇ ಎಡೆ. ಆ ಹಬ್ಬದ ಮಾತು ಬಂದರೆ ಸರ್ವಮಂಗಳಾಗೆ ನಿಲ್ಲಿಸುವುದೇ ಗೊತ್ತಿಲ್ಲ.

“ಅಜ್ಜಿ ಎಲೇಲಿ ಕಜ್ಜಾಯ, ವಡೆ, ಕೋಳಿ ಸಾರು, ಎಲೆ ಅಡಿಕೆ. ಅತ್ತೆ ಎಲೇಲಿ ಅದರ ಜೊತೆಗೆ ಹೀರೇಕಾಯಿ ಸಿಪ್ಪೆ ಚಟ್ನಿ! ಹಬ್ಬದ ದಿನ ಯಾರಾದ್ರೂ ಸಿಪ್ಪೆ ಚಟ್ನಿ ಮಾಡ್ತಾರಾ ಟೀಚರ್? ಅವ್ವ ಗೊಣಗ್ತಾಳೆ, ತಾತ ಬಿಡಲ್ಲ. ಮಾರ್ಕೆಟ್ಟಿಗೆ ತಾವೇ ಹೋಗಿ ಎಳೇ ಹೀರೇಕಾಯಿ ಆರಿಸಿ ತರ್ತಾರೆ. ಒಂದು ಹೊಸ ಸೀರೇನೂ ಇಡ್ತಾರೆ. ಆಮೇಲೆ ಅದು ಅವ್ವಂಗೆ.”

“ಬೆಳ್ಳುಳ್ಳಿ ಹಾಕ್ತಾರಾ ಚಟ್ನಿಗೆ?” ಎಂದರು ಟೀಚರ್.

“ಹೂಂ ಟೀಚರ್. ಅತ್ತೆಗೆ ಬೆಳ್ಳುಳ್ಳಿ ಜಾಸ್ತಿ ಇರಬೇಕಂತೆ.”

ಟೀಚರ್ ಎದ್ದು ಕಿಟಕಿಯ ಹತ್ತಿರ ಹೋದರು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. “ಹೊಲಿಗೆ ಸೊಟ್ಟಗಾಗಿದೆ, ಬಿಚ್ಚಿ ಮತ್ತೆ ಹಾಕು” ಎಂದು ಗದರಿದರು. ಅವರು ಗದರಿದ್ದು ಅದೇ ಮೊದಲು. ಸರ್ವಮಂಗಳಾಗೆ ಅಳು ಬಂತು.

ಮನೆಗೆ ಬಂದವಳೇ ಒರಳಿನ ಮುಂದೆ ಕೂತಿದ್ದ ಅವ್ವನಿಗೆ ಎಲ್ಲ ವರದಿ ಒಪ್ಪಿಸಿದಳು. ಅವ್ವ ಶಿವನಂಜಮ್ಮ ಮೊದಮೊದಲು ಹೂಂಗುಟ್ಟುತ್ತಿದ್ದಳು. ಎಡೆಯ ಮಾತು ಬಂದ ಕೂಡಲೇ ರುಬ್ಬುವ ಕೈ ನಿಂತಿತು.

“ಹೊಸ ಟೀಚರ ಹೆಸರು ದೇವೀರಮ್ಮನಾ? ಗಲ್ಲದ ಮೇಲೆ ಮಚ್ಚೆ ಅದಾ?”

“ಹೂಂ. ಇಲ್ಲಿ.”

“ಅಯ್ಯೋ ಕೂಸೇ! ಎಂಥಾ ಕೆಲಸ ಮಾಡ್ಬುಟ್ಟೆ!”

ಅವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ತಾತನೂ ಅಪ್ಪನೂ ಅಂಗಡಿಯಲ್ಲಿದ್ದರು. ಆದರೂ ದನಿ ತಗ್ಗಿಸಿಯೇ ಹೇಳಿದಳು.

“ನಿಮ್ಮತ್ತೆ ಸತ್ತಿಲ್ಲ ಕಣೇ. ಸ್ವಾತಂತ್ರ್ಯ ಬಂತಲ್ಲ, ಅದರ ಮಾರನೇ ವರ್ಷ ಬೇರೆ ಜಾತಿಯೋರನ್ನ ಮದುವೆ ಆದರು. ಕುಲದೋರೆಲ್ಲ ಸೇರಿ, ಅವಳನ್ನ ಒಳಗೆ ಬಿಟ್ಟುಕೊಂಡ್ರೆ ನಿಮ್ಮನೇಲಿ ನೀರೂ ಮುಟ್ಟಲ್ಲ, ನಿಮ್ಮನೆ ಹೆಣ್ಣೂ ತರಲ್ಲ ಅಂದರು. ನೀನಾಗ ನನ್ನ ಹೊಟ್ಟೇಲಿದ್ದೆ. ನಿಮ್ಮ ತಾತ ಬಾವಿ ಕಟ್ಟೇಲಿ ತಲೆ ಮೇಲೆ ನೀರು ಹುಯ್ಕೊಂಡು, ‘ನನ್ನ ಮಗಳು ಸತ್ತಳು’ ಅಂದ್ಬುಟ್ರು. ಅವತ್ತಿಂದ ಎಡೆ ಇಡ್ತಾವ್ರೆ.”

ಸರ್ವಮಂಗಳಾಳ ಮೈ ಬಿಸಿಯಾಯಿತು. ಬದುಕಿದ್ದವರ ಮುಖಕ್ಕೇ, ನೀವು ಸತ್ತಿದ್ದೀರಿ, ನಿಮಗೆ ಹೀಗೆ ಹೀಗೆ ಬಡಿಸುತ್ತೇವೆ ಎಂದು ಹೇಳಿ ಬಂದಿದ್ದಳು! ತಾತನ ಮೇಲೆ ಅವಳಿಗೆ ತಡೆಯಲಾರದ ಸಿಟ್ಟು ಬಂತು. ರಾತ್ರಿ ಅವರು ಕರೆದು ಕಡಲೆಕಾಯಿ ಕೊಟ್ಟರೆ ಬೇಡ ಎಂದಳು. ಬೇಡ ಎಂದದ್ದು ಅದೂ ಮೊದಲು.

ಹೇಗಾದರೂ ಅತ್ತೆಯನ್ನು ಮನೆಗೆ ಕರೆತರಬೇಕು. ಕಣ್ಣೆದುರಿಗೆ ಬಂದು ನಿಂತರೆ ತಾತ ಏನು ಮಾಡುತ್ತಾರೆ? ಬಾ ಎನ್ನಲೇಬೇಕು. ಬಾ ಎಂದರೆ ಎಡೆ ಇಡುವ ಮಾತೇ ಇಲ್ಲ. ಸರ್ವಮಂಗಳಾ ಯೋಚಿಸಿದ್ದು ಇಷ್ಟೇ. ಹತ್ತು ವರ್ಷದವಳಿಗೆ ಇದಕ್ಕಿಂತ ಹೆಚ್ಚು ಯೋಚಿಸಲು ಯಾರು ಹೇಳಿಕೊಟ್ಟಿದ್ದರು?

ಮಾರನೇ ದಿನ ಬೆಲ್ಲು ಹೊಡೆದು ಎಲ್ಲರೂ ಓಡಿದ ಮೇಲೆ ಅವಳು ಟೀಚರ ಕುರ್ಚಿಯ ಹತ್ತಿರ ನಿಂತಳು.

“ಅಮಾವಾಸ್ಯೆ ದಿನ ನೀವು ಊಟಕ್ಕೆ ಬರಬೇಕಂತೆ. ತಾತ ಹೇಳಿ ಕಳಿಸಿದ್ದಾರೆ.”

ಟೀಚರ್ ಅವಳ ಎರಡೂ ಭುಜ ಹಿಡಿದುಕೊಂಡರು. “ಅಪ್ಪನಾ? ಅಪ್ಪನೇ ಹೇಳಿದರಾ?”

“ಹೂಂ.”

“ನನ್ನ ಹೆಸರು ಹಿಡಿದು ಹೇಳಿದರಾ?”

“ಹೂಂ.” ಒಂದು ಸುಳ್ಳು ಹೇಳಿದ ಮೇಲೆ ಇನ್ನೊಂದಕ್ಕೆ ಕಷ್ಟವಾಗಲಿಲ್ಲ. ಟೀಚರ್ ನಕ್ಕರು. ಅಷ್ಟು ಚೆನ್ನಾಗಿ ನಗುವುದು ಅವರಿಗೆ ಬರುತ್ತದೆ ಎಂದೇ ಸರ್ವಮಂಗಳಾಗೆ ಗೊತ್ತಿರಲಿಲ್ಲ.

ಅಮಾವಾಸ್ಯೆ ಬಂತು. ಮಾರನೇ ದಿನದಿಂದ ದಸರಾ, ಸ್ಕೂಲಿಗೆ ರಜ. ತಾತ ನಸುಕಿಗೇ ಎದ್ದು ಮಾರ್ಕೆಟ್ಟಿನಿಂದ ಹೀರೇಕಾಯಿ ತಂದರು. ನಡುಮನೆಯ ಕೋಣೆಯಲ್ಲಿ ಎರಡು ಎಲೆ ಹಾಕಿ ತಾವೇ ಬಡಿಸಿದರು. ಅಜ್ಜಿಯ ಎಲೆಯ ಮುಂದೊಂದು ಸೀರೆ, ಅತ್ತೆಯ ಎಲೆಯ ಮುಂದೊಂದು ಸೀರೆ. ಅತ್ತೆಯದು ಈ ಸಲ ಹಸಿರು, ಕೆಂಪು ಅಂಚು. ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು ಹೊರಗೆ ಬಂದರು. ಹೀಗೆ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯ ಮೇಲೆ ಸುಮ್ಮನೆ ಕೂರಬೇಕು. ಆಗ ಹಿರಿಯರು ಬಂದು ಊಟ ಮಾಡಿ ಹೋಗುತ್ತಾರೆ.

ಜಗಲಿಯ ಮೇಲೆ ತಾತ, ಅಪ್ಪ, ಊಟಕ್ಕೆ ಬಂದಿದ್ದ ಕುಲದ ಯಜಮಾನ ನಂಜಯ್ಯ. ನಂಜಯ್ಯನವರು ಬರುತ್ತಾರೆಂದು ಸರ್ವಮಂಗಳಾಗೆ ಗೊತ್ತಿರಲಿಲ್ಲ. ಅವರ ದಪ್ಪ ಮೀಸೆ ನೋಡಿದ ಕೂಡಲೇ ಅವಳು ತಾತನ ಪಕ್ಕಕ್ಕೆ ಹೋಗಿ ನಿಂತಳು. ಅಷ್ಟರಲ್ಲಿ ಟೀಚರ್ ಬೀದಿಯ ತಿರುವು ದಾಟಿ ಬಂದೇಬಿಟ್ಟರು. ತಲೆಗೆ ಹೂ ಮುಡಿದಿದ್ದರು. ಕೈಯಲ್ಲಿ ತಾತನಿಗೆ ಒಂದು ಕಟ್ಟು ಚಿಗುರು ವೀಳ್ಯದೆಲೆ.

“ಅಪ್ಪಾ” ಎಂದರು ಮೆಟ್ಟಿಲ ಕೆಳಗೆ ನಿಂತು.

ತಾತ ಎದ್ದು ನಿಂತರು. ಅಪ್ಪ ತಂಗಿಯನ್ನು ನೋಡಿ, ತಟ್ಟನೆ ನೆಲ ನೋಡತೊಡಗಿದರು.

“ಚೆಲುವಯ್ಯ, ಯಾರಪ್ಪ ಇದು?” ಎಂದರು ಯಜಮಾನರು. ಯಾರು ಎಂದು ಚೆನ್ನಾಗಿ ಗೊತ್ತಿದ್ದವರ ದನಿ ಅದು.

ತಾತ ಮಗಳನ್ನು ನೋಡಿದರು. ಯಜಮಾನರನ್ನು ನೋಡಿದರು. ಪಕ್ಕದಲ್ಲಿ ನಿಂತಿದ್ದ ಸರ್ವಮಂಗಳಾಳ ತಲೆಯ ಮೇಲೆ ಕೈ ಇಟ್ಟರು.

“ಇವರು… ನಮ್ಮ ಕೂಸಿನ ಸ್ಕೂಲ್ ಟೀಚರು” ಎಂದರು. “ಬನ್ನಿ ಟೀಚರಮ್ಮ. ಕೂತ್ಕೊಳ್ಳಿ.”

“ಟೀಚರಾ? ಸರಿ. ಟೀಚರಾಗಿ ಬಂದಿದ್ರೆ ಟೀಚರಾಗೇ ಉಂಡು ಹೋಗ್ಲಿ” ಎಂದರು ಯಜಮಾನರು.

ಟೀಚರ ಮುಖದಲ್ಲಿದ್ದ ನಗು ಹೋಯಿತು. ಅವರು ಸರ್ವಮಂಗಳಾಳನ್ನು ನೋಡಿದರು. ತಾತ ಕರೆದೇ ಇರಲಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವರು ಬೈಯಲಿಲ್ಲ. ಜಗಲಿಯ ತುದಿಯಲ್ಲಿ ಕೂತು, ವೀಳ್ಯದೆಲೆಯ ಕಟ್ಟನ್ನು ಮಡಿಲಲ್ಲೇ ಇಟ್ಟುಕೊಂಡರು.

ಒಳಗೆ ಅವರ ಎಡೆ. ಹೊರಗೆ ಅವರು. ಹಿರಿಯರು ಉಂಡು ಹೋಗುವ ತನಕ ಯಾರೂ ಮಾತಾಡುವ ಹಾಗಿರಲಿಲ್ಲ.

ಆಮೇಲೆ ತಾತ ಕೆಮ್ಮಿ, ಕೋಣೆಯ ಬಾಗಿಲು ತೆರೆದರು. ಟೀಚರ್ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದರು. ಹಸಿರು ಸೀರೆ ನೋಡಿದರು. ಎಲೆ ನೋಡಿದರು. ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಯಜಮಾನರಿಗೂ ಅಪ್ಪನಿಗೂ ನಡುಮನೆಯಲ್ಲಿ ಎಲೆ ಹಾಕಿದರು. ಟೀಚರಿಗೆ ಜಗಲಿಯ ಮೇಲೆಯೇ. ಅವ್ವ ಬಡಿಸಲು ಬಂದರೆ ತಾತ ಅವಳ ಕೈಯಿಂದ ಪಾತ್ರೆ ಇಸಿದುಕೊಂಡು ತಾವೇ ಬಡಿಸಿದರು. ಸಿಪ್ಪೆ ಚಟ್ನಿ ಒಂದು ಸಲ ಹಾಕಿದರು. ಇನ್ನೊಂದು ಸಲ ಹಾಕಿದರು.

“ಸಂಕೋಚ ಮಾಡ್ಕೋಬೇಡಿ ಟೀಚರಮ್ಮ” ಎಂದರು ತಾತ.

ತನ್ನ ಮಗಳನ್ನೇ ಬನ್ನಿ, ಹೋಗಿ ಎನ್ನುವ ತಾತನನ್ನು ಕಂಡು ಸರ್ವಮಂಗಳಾಗೆ ಕಿರುಚಬೇಕು ಅನ್ನಿಸಿತು. ಕಿರುಚದೆ, ನೀರಿನ ಚೊಂಬು ತಂದು ಟೀಚರ ಎಲೆಯ ಪಕ್ಕ ಇಟ್ಟಳು.

ಟೀಚರ್ ಎಲೆಯಲ್ಲಿ ಒಂದಗುಳೂ ಬಿಡದೆ ಉಂಡರು. ಕೈ ತೊಳೆದು, ವೀಳ್ಯದೆಲೆಯ ಕಟ್ಟನ್ನು ಜಗಲಿಯ ಮೇಲಿಟ್ಟು, “ಬರ್ತೀನಿ” ಎಂದರು. ತಾತ ಕೈ ಮುಗಿದರು.

ಯಜಮಾನರೂ ಹೋದ ಮೇಲೆ ತಾತ ಕೋಣೆಯಲ್ಲಿ ಅತ್ತೆಯ ಎಡೆಯ ಮುಂದೆ ಕೂತರು. ಪ್ರತಿ ವರ್ಷ ಅದನ್ನು ಉಣ್ಣುವವರು ಅವರೇ. ಇವತ್ತು ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ. ಸರ್ವಮಂಗಳಾ ಬಾಗಿಲಲ್ಲಿ ನಿಂತಳು.

“ಅತ್ತೆ ಸತ್ತಿಲ್ಲ ಅಂತ ನಿಂಗೆ ಗೊತ್ತಿತ್ತು. ಮತ್ಯಾಕೆ ಎಡೆ ಇಡ್ತೀಯ? ನೀನು ಕೆಟ್ಟೋನು ತಾತ!”

ತಾತ ತಲೆ ಎತ್ತಲಿಲ್ಲ.

“ಬದುಕಿರೋ ಮಗಳಿಗೆ ಒಂದು ತುತ್ತು ಇಕ್ಕಿದ್ರೂ ಊರೆಲ್ಲ ಕೇಳ್ತದೆ ಕಣವ್ವ. ಸತ್ತೋರಿಗೆ ಇಕ್ಕಬೇಡ ಅಂತ ಯಾರೂ ಅನ್ನಕಿಲ್ಲ” ಎಂದರು. “ವರ್ಷಕ್ಕೊಂದು ಸಲನಾದ್ರೂ ಅವಳ ಹೆಸರು ಬಾಯಿ ಬಿಟ್ಟು ಕೂಗಬೋದು.”

ಸರ್ವಮಂಗಳಾ ಒಳಗೆ ಬಂದು ಅವರ ಪಕ್ಕದಲ್ಲಿ ಕೂತಳು. ಅವಳ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಕೂತಳು.

ದಸರಾ ರಜೆ ಮುಗಿಯುವುದನ್ನೇ ಅವಳು ಕಾದಳು. ತಾತ ಹೇಳಿದ ಮಾತು ಕೇಳಿದರೆ ಅತ್ತೆಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು. ಸ್ಕೂಲು ಶುರುವಾದ ದಿನ ಸಂಜೆ, ಕ್ಲಾಸು ಖಾಲಿಯಾದ ಮೇಲೆ, ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು ಎಂದಳು. ಆಮೇಲೆ ತಾತನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

ಟೀಚರ್ ಕೇಳಿಸಿಕೊಂಡರು. ಸಮಾಧಾನ ಆದ ಹಾಗೆ ಕಾಣಲಿಲ್ಲ.

“ಹಾಗಾದ್ರೆ ಬದುಕಿರೋದೇ ನನ್ನ ತಪ್ಪಾಯ್ತಲ್ಲ ಮರಿ” ಎಂದರು.

ತಾತ ಹೇಳಿದ್ದೂ ಸುಳ್ಳಲ್ಲ. ಟೀಚರ್ ಹೇಳುತ್ತಿರುವುದೂ ಸುಳ್ಳಲ್ಲ. ಸರ್ವಮಂಗಳಾ ಮೆಲ್ಲಗೆ, “ಅತ್ತೆ” ಎಂದಳು.

ಟೀಚರ್ ಬೆಚ್ಚಿ ಬಾಗಿಲ ಕಡೆ ನೋಡಿದರು. ಪಕ್ಕದ ರೂಮಿನಲ್ಲಿ ಹೆಡ್‌ಮಿಸ್ ಇನ್ನೂ ಇದ್ದರು. “ಹಾಗನ್ನಬೇಡ. ನಾಲ್ಕು ಜನರ ಕಿವಿಗೆ ಬಿದ್ದು ಮಂಡಿ ಮೊಹಲ್ಲಾ ಮುಟ್ಟುತ್ತೆ. ಸ್ಕೂಲಲ್ಲಿ ಟೀಚರ್ ಅನ್ನು.”

“ಮತ್ತೆ ಮನೇಲಿ?”

ಕೇಳಿದ ಮೇಲೆ ಸರ್ವಮಂಗಳಾಗೇ ಹೊಳೆಯಿತು. ಮನೆಯಲ್ಲಿ ಅತ್ತೆ ಎಂದರೆ ಬಾಳೆ ಎಲೆ, ಧೂಪ, ಮುಚ್ಚಿದ ಬಾಗಿಲು. ಟೀಚರ್ ಅವಳ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು, “ನಡಿ, ಸ್ವಲ್ಪ ದೂರ ಬರ್ತೀನಿ” ಎಂದರು. ಅವರ ಮನೆ ಇದ್ದದ್ದು ಇನ್ನೊಂದು ದಿಕ್ಕಿಗೆ.

ಬೀದಿಯಲ್ಲಿ ಜಟಕಾಗಳು, ಸೈಕಲ್ಲುಗಳು, ಯಾರ ಗಮನವೂ ಇವರ ಮೇಲಿರಲಿಲ್ಲ. ಸರ್ವಮಂಗಳಾ ಅವರ ಕೈ ಹಿಡಿದುಕೊಂಡಳು.

“ಇಲ್ಲಿ ಅನ್ನಬಹುದಾ?”

“ಇಲ್ಲಿ ಅನ್ನು.”

“ಅತ್ತೆ” ಎಂದಳು. ಅವರು “ಏನೇ?” ಎಂದರು. ಏನೂ ಇರಲಿಲ್ಲ. ಮತ್ತೆ “ಅತ್ತೆ” ಎಂದಳು. ದಾರಿಯುದ್ದಕ್ಕೂ ಬೇಕು ಬೇಕೆಂದೇ ಕರೆದಳು. ಅವರು ಪ್ರತಿ ಸಲವೂ ಓಗೊಟ್ಟರು.

ಸೌದೆ ಡಿಪೋ ದಾಟಿದರೆ ತಿರುವು. ತಿರುಗಿದರೆ ಹಗ್ಗದಂಗಡಿ ಕಾಣುತ್ತದೆ. ಡಿಪೋ ಹತ್ತಿರ ಬಂದ ಕೂಡಲೇ, ಯಾರೂ ಹೇಳದೆ, ಸರ್ವಮಂಗಳಾ ಕೈ ಬಿಟ್ಟಳು. ಬ್ಯಾಗ್ ಇಸಿದುಕೊಂಡಳು.

“ನಾಳೆ ಬರ್ತೀನಿ ಟೀಚರ್” ಎಂದಳು.