ಮೂಸಿ ನೋಡದೆ ಹತ್ತಿಸಿದ ಲೋಡು

ಡ್ರೈವರ್ ಪ್ರವೀಣನ ಲಾರಿಯನ್ನು ಟ್ರೈನಿಂಗಿನ ಮೊದಲ ವಾರವೇ ವಾಪಸ್ ಕಳಿಸಿದವಳು ನಾನು. ಅವನಿಗೆ ಆ ಕೋಪ ಎರಡು ದಿನ ಇತ್ತು, ನನಗೆ ಆ ಜಂಬ ಒಂದು ವಾರ.

ಅದು ೨೦೦೪ರ ಡಿಸೆಂಬರ್. ಹಾಸನದಲ್ಲಿ ಲಾಜಿಸ್ಟಿಕ್ಸ್ ಡಿಪ್ಲೊಮಾ ಓದಿ, ನಮ್ಮೂರು ಪಾಳ್ಯದಿಂದ ದಿನಾ ಬಸ್ಸಿನಲ್ಲಿ ಸಕಲೇಶಪುರಕ್ಕೆ ಬಂದು, ಶಾಂತಮಲ್ಲಪ್ಪನವರ ಲಾರಿ ಆಫೀಸಿನಲ್ಲಿ ಮೂರು ತಿಂಗಳ ಟ್ರೈನಿಂಗ್ ಮಾಡುತ್ತಿದ್ದೆ. ಕೊನೆಗೆ ಅವರೊಂದು ಪತ್ರಕ್ಕೆ ಸಹಿ ಹಾಕಿದರೆ ಮಂಗಳೂರಿನ ಗೋಡೌನಿನಲ್ಲಿ ಕೆಲಸ ಕಾದಿತ್ತು. ಲಾರಿಗಳ ನಡುವೆ ಹುಡುಗಿಗೇನು ಕೆಲಸ ಅಂತ ಊರೆಲ್ಲ ಆಡಿಕೊಂಡಿತ್ತು. ನನಗೆ ಆ ಪತ್ರ ಬೇಕೇ ಬೇಕಿತ್ತು.

ಕಾಫಿ ಬಲು ಸೂಕ್ಷ್ಮ, ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಎಳೆದುಕೊಳ್ಳುತ್ತದೆ ಎಂಬುದು ಶಾಂತಮಲ್ಲಪ್ಪನವರ ಮೊದಲ ಪಾಠ. ಮೂಟೆ ಹಾಕುವ ಮುಂಚೆ ಖಾಲಿ ಲಾರಿಯೊಳಗೆ ಹತ್ತಿ, ಹಲಗೆ ಹಲಗೆಯನ್ನೂ ಮೂಸಬೇಕು. ಪ್ರವೀಣ ಆ ದಿನ ಮಂಗಳೂರಿನಿಂದ ಒಣಮೀನು ತಂದು ಇಳಿಸಿದ್ದ. ನಾನು ಮಂಡಿಯೂರಿ ಮೂಸುವುದನ್ನು ಕಂಡು, "ಏನ್ ಮೇಡಂ, ಹೆಣ್ಣು ನೋಡೋಕ್ ಬಂದೋರೂ ಇಷ್ಟು ನೋಡಕಿಲ್ಲ" ಎಂದು ನಕ್ಕ. ಲೋಡು ಕೊಡಲ್ಲ ಎಂದೆ. ನಗು ಅಲ್ಲಿಗೇ ನಿಂತಿತು.

ಕೋಪ ಇಳಿದ ಮೇಲೆ ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಅವನೇ ಕಲಿಸಿದ. ಟಾರ್ಪಾಲಿನ ಹಗ್ಗ ಎಲ್ಲಿ ಬಿಗಿಯಬೇಕು, ಶಿರಾಡಿ ಘಾಟಿ ಇಳಿಯುವ ಲಾರಿಗೆ ಭಾರ ಹೇಗೆ ಹಂಚಬೇಕು, ವಾಪಸ್ ಬರುವಾಗ ಖಾಲಿ ಬಾರದ ಹಾಗೆ ಯಾರಿಗೆ ಫೋನ್ ಮಾಡಬೇಕು, ಎಲ್ಲ. ಲೋಡಿನ ಚೀಟಿ ತಗೊಳ್ಳಲು ಕಿಟಕಿಗೆ ಬಂದವನು ಚೀಟಿ ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ಕಾರ್ಬನ್ ಹಾಳೆಯನ್ನು ಉಲ್ಟಾ ಇಟ್ಟುಬಿಡುತ್ತಿದ್ದೆ. ಅವನು ಬಾರದ ದಿನ ಆಫೀಸು ಬಿಕೋ ಎನ್ನುತ್ತಿತ್ತು. ಹೌದು, ಅವನೆಂದರೆ ನನಗೆ ಪ್ರಾಣ. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಟ್ರೈನಿಂಗ್ ಮುಗಿಯಲು ಮೂರು ದಿನ ಉಳಿದಿತ್ತು. ಆ ಬೆಳಗ್ಗೆ ಪ್ರವೀಣ ಇಸ್ತ್ರಿ ಶರ್ಟು ಹಾಕಿ, ಲಾರಿಯನ್ನು ಪಳಪಳ ತೊಳೆದು ತಂದ. ನೀವು ಹೋದ ಮೇಲೆ ನಾನು ಈ ಕಿಟಕಿ ಕಡೆ ತಿರುಗಿಯೂ ನೋಡಲ್ಲ ಎಂದು ಮೆಲ್ಲಗೆ ಹೇಳಿದ. ಅವನ ಮುಖ ನೋಡುತ್ತಲೇ ಚೀಟಿಯಲ್ಲಿ 'ಬಾಡಿ ಓಕೆ', ಅಂದರೆ ಲಾರಿಯೊಳಗೆ ವಾಸನೆಯಿಲ್ಲ ಎಂದು ಬರೆದುಕೊಟ್ಟೆ. ಮೂಸಲು ಲಾರಿ ಹತ್ತಲೇ ಇಲ್ಲ.

ಮಧ್ಯಾಹ್ನ ಹಾಸನದಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಿಂದ ಫೋನ್ ಬಂತು. ಮೂಟೆಗಳೆಲ್ಲ ಫಿನಾಯಿಲ್ ವಾಸನೆ ಹೊಡೆಯುತ್ತಿವೆ, ಲೋಡು ವಾಪಸ್. ಒಣಮೀನಿನ ವಾಸನೆ ನನಗೆ ಆಗುವುದಿಲ್ಲವೆಂದು ಪುಣ್ಯಾತ್ಮ ಎರಡು ಬಾಟಲಿ ಫಿನಾಯಿಲ್ ಸುರಿದು ತೊಳೆದಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಜೆ ಶಾಂತಮಲ್ಲಪ್ಪನವರು ಇಬ್ಬರನ್ನೂ ಮುಂದೆ ನಿಲ್ಲಿಸಿಕೊಂಡರು. ನನ್ನ ಪತ್ರ ಮೇಜಿನ ಮೇಲೇ ಇತ್ತು. ಹತ್ತಿ ನೋಡಿದ್ದೆಯಾ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರವೀಣ ಅಂದ, "ಅವ್ರು ನೋಡಿದ್ರು ಸಾವ್ಕಾರ್ರೇ. ಆಮೇಲೆ ನಾನೇ ಫಿನಾಯಿಲ್ ಹಾಕ್ಬುಟ್ಟೆ."

ನಾನು ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು, ಪತ್ರ ನನ್ನದು. ಅವನ ಕೆಲಸ ಮಾತ್ರ ಹೋಗುತ್ತಿತ್ತು.

"ಸುಳ್ಳು ಸರ್. ನಾನು ಹತ್ತೇ ಇಲ್ಲ."

"ಯಾಕವ್ವ? ಒಂದು ಲಾರೀನೂ ಬಿಟ್ಟೋಳಲ್ಲ ನೀನು."

"ಬೇರೆ ಯಾರದ್ದೇ ಆಗಿದ್ರೂ ಹತ್ತಿ ನೋಡ್ತಿದ್ದೆ. ಇವ್ರು ಬಂದ್ರು, ಇವ್ರ ಮುಖ ನೋಡ್ತಾ ನಿಂತ್ಬುಟ್ಟೆ ಸರ್."

ಹೊರಗಿದ್ದ ಹಮಾಲರು ಕಿಟಕಿಗೆ ಬಂದು ಇಣುಕಿದರು. ಶಾಂತಮಲ್ಲಪ್ಪನವರು ನಮ್ಮಿಬ್ಬರನ್ನೂ ನೋಡಿ, ಸಹಿ ಹಾಕದೆಯೇ ಪತ್ರವನ್ನು ಡ್ರಾಯರಿಗೆ ಹಾಕಿದರು. ನನಗೆ ಇನ್ನೂ ಎರಡು ತಿಂಗಳು ಕಲಿ ಎಂದರು, ಪ್ರವೀಣನನ್ನು ಕೆಲಸದಿಂದ ತೆಗೆಯಲಿಲ್ಲ. ಮೂಟೆಗಳನ್ನು ಬಿಚ್ಚಿ, ವಾಸನೆ ಹೋಗಲೆಂದು ಕಾಫಿಯನ್ನು ಮತ್ತೆ ಬಿಸಿಲಿಗೆ ಹರಡುವ ಕೆಲಸ ಇಬ್ಬರಿಗೂ ಬಿತ್ತು. ಮಂಗಳೂರಿನ ಗೋಡೌನಿನವರು ಅಲ್ಲಿಯತನಕ ಕಾಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಅವನ ಕಣ್ಣು ತುಂಬಿತ್ತು. "ನನ್ನಿಂದ ನಿನ್ ಕೆಲ್ಸ ಹೋಯ್ತಲ್ಲ ಬಿಂದು" ಎಂದ. ಮೇಡಂ ಅನ್ನುವುದನ್ನು ಅವತ್ತೇ ಬಿಟ್ಟ. ಅಳು ನನಗೂ ಬಂತು, ಆದರೆ ನಿಜ ಹೇಳಿದ್ದಕ್ಕೆ ಒಂಚೂರೂ ಬೇಜಾರಿಲ್ಲ, ಗೋಡೌನು ಇನ್ನೂ ನೂರು ಇವೆ ಎಂದೆ.

"ಹಂಗಾದ್ರೆ ನಮ್ಮವ್ವನ್ನ ನಿಮ್ಮನೆಗೆ ಕಳಿಸ್ಲಾ?"

"ಪತ್ರ ಕೈಗೆ ಬಂದ್ಮೇಲೆ ಕಳ್ಸಿ. ಮದ್ವೆ ಆದ್ರೂ ನಾನು ಕೆಲ್ಸಕ್ಕೆ ಹೋಗೋಳೇ."

"ಹೋಗು. ಕೆಲ್ಸ ಎಲ್ಲಿ ಸಿಗ್ತದೋ, ಆ ರೂಟಲ್ಲೇ ನಾನು ಲಾರಿ ಓಡಿಸ್ತೀನಿ."

ಆಗಲಿ ಎಂದೆ.