ಹಸಿರು ಗೊದಮೊಟ್ಟೆ

"ಅದು ನನ್ನ ಬಾಲ್! ಯಾರೂ ಮುಟ್ಟಬೇಡಿ!"

ಮೊಂಡಿ ಚೆಂಡಿನ ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ನಿಂತುಬಿಟ್ಟಿದ್ದಳು. ಕೈಯಲ್ಲಿ ಗಾಲ್ಫ್ ಕೋಲು, ಮೂಗಿನ ತುದಿಯಲ್ಲಿ ಕೋಪ.

ಎದುರಿಗೆ ಗುಬ್ಬಿ ನಿಂತಿದ್ದಳು. ಗುಬ್ಬಿ ಎಂಬುದು ಅವಳ ಹಾಜರಿ ಪುಸ್ತಕದ ಹೆಸರಲ್ಲ. ಧ್ವನಿ ಅಷ್ಟು ಸಣ್ಣದು ಎಂದು ಕ್ಲಾಸಿನವರು ಇಟ್ಟದ್ದು. ಮೊಂಡಿಗೆ ಆ ಹೆಸರು ಯಾಕೆ ಬಂತು ಎಂದು ಬೇರೆ ಹೇಳಬೇಕೆ?

ಗುಬ್ಬಿ ಬಾಯಿ ತೆರೆದು ಏನೋ ಹೇಳಿದಳು.

"ಹಸಿರು ಚುಕ್ಕೆ ಇದೆ ನೋಡಿ ಸರ್! ಮನೇಲಿ ಕೂತು ನಾನೇ ಸ್ಕೆಚ್ ಪೆನ್ನಲ್ಲಿ ಹಾಕಿದ್ದು!" ಎಂದು ಮೊಂಡಿ ಕೋಚ್ ಸರ್ ಕಡೆ ತಿರುಗಿ ಕೂಗಿದಳು.

ಗುಬ್ಬಿ ಮತ್ತೆ ಏನೋ ಹೇಳಿದಳು.

"ನಿಂದೂ ಹಸಿರೇ ಇರಬಹುದು ಕಣೇ. ಆದ್ರೆ ಇದು ನಂದು. ನಿಂದು ಎಲ್ಲೋ ಹಾರಿಹೋಗಿದೆ. ಹೋಗಿ ಹುಡುಕ್ಕೋ!"

ಶಾಲೆಯ ಹಿಂದಿನ ಮೈದಾನದಲ್ಲಿ ಫೈನಲ್ ನಡೆಯುತ್ತಿತ್ತು. ಅಲ್ಲಲ್ಲಿ ಗುಂಡಿ ತೋಡಿ, ಪಕ್ಕಕ್ಕೊಂದು ಬಾವುಟ ನೆಟ್ಟಿದ್ದರು. ಕಡಿಮೆ ಹೊಡೆತದಲ್ಲಿ ಎಲ್ಲ ಗುಂಡಿಗೂ ಚೆಂಡು ಹಾಕಿದವರು ಗೆದ್ದಂತೆ. ಇದು ಕೊನೆಯ ಗುಂಡಿ. ಇಲ್ಲಿ ಚೆಂಡನ್ನು ಸೈಕಲ್ ಶೆಡ್ಡಿನ ಮೇಲಿಂದ ಹಾರಿಸಬೇಕು. ಆಚೆ ಎಲ್ಲಿ ಬಿತ್ತು ಎಂಬುದು ಹೊಡೆದವರಿಗೆ ಕಾಣುವುದಿಲ್ಲ. ಇಬ್ಬರೂ ಹೊಡೆದು, ಶೆಡ್ ಸುತ್ತಿಕೊಂಡು ಬಂದರೆ ಬಾವುಟದ ಹತ್ತಿರ ಒಂದೇ ಒಂದು ಚೆಂಡು!

ಕೋಚ್ ಸರ್ ಬೇಲಿಯ ಬುಡ, ಚರಂಡಿ, ಹುಲ್ಲು ಎಲ್ಲ ನೋಡಿದರು. ಇನ್ನೊಂದು ಚೆಂಡು ಸಿಗಲಿಲ್ಲ.

"ಇದು ನಿಂದೇ ಅಂತ ಗ್ಯಾರಂಟಿನಾ?" ಎಂದು ಗುಬ್ಬಿಯನ್ನು ಕೇಳಿದರು.

ಗುಬ್ಬಿ ಮೊಂಡಿಯ ಮುಖ ನೋಡಿದಳು. ಅವಳ ಕೈಯ ಕೋಲನ್ನೂ ನೋಡಿದಳು. ತಲೆ ತಗ್ಗಿಸಿದಳು.

ಅಲ್ಲಿಗೆ ಕತೆ ಮುಗಿಯಿತು. ಚೆಂಡು ಕಳೆದುಕೊಂಡವರು ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಹೊಡೆಯಬೇಕು, ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ. ಗುಬ್ಬಿ ಶೆಡ್ಡಿನ ಆಚೆ ಹೋದಳು. ಮೊಂಡಿ ಒಂದೇ ಒಂದು ಹೊಡೆತದ ಅಂತರದಿಂದ ಗೆದ್ದುಬಿಟ್ಟಳು.

"ಗಾಲ್ಫ್ ಅಂದ್ರೆ ಬರೀ ಆಟ ಅಲ್ಲ, ಬದುಕು!" ಎಂದು ಸರ್ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಯಾವ ಮಾತು ಶುರುಮಾಡಿದರೂ ಅವರು ಬದುಕಿಗೇ ತಂದು ನಿಲ್ಲಿಸುತ್ತಿದ್ದರು. ಅದಕ್ಕೇ ಮಕ್ಕಳ ಬಾಯಲ್ಲಿ ಅವರು ಬದುಕು ಸರ್. ಆಟಕ್ಕೆ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಪ್ರಾಮಾಣಿಕತೆ! ತಾಳ್ಮೆ! ಗೌರವ!" ಎಂದು ಕೂಗಿಸುತ್ತಿದ್ದರು. ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ ಅದನ್ನೇ ಬರೆಸಿದ್ದರು. ಆಮೇಲೆ, "ನಿಮ್ಮ ನಿಮ್ಮ ಬಾಲ್‌ನ ಒಬ್ಬರಿಗೊಬ್ಬರು ತೋರಿಸಿ. ಗುರುತು ಸರಿಯಾಗಿ ನೋಡ್ಕೊಳ್ಳಿ" ಎನ್ನುತ್ತಿದ್ದರು.

ಇವತ್ತು ಸರ್ ಹಾಗೆಂದಾಗ ಮೊಂಡಿ ಅವರ ಹಾಗೇ ಹೊಟ್ಟೆ ಮುಂದೆ ಮಾಡಿ "ಬದುಕೂ!" ಎಂದು ಅಣಕಿಸುತ್ತಾ ಪಕ್ಕದವರನ್ನು ನಗಿಸುತ್ತಿದ್ದಳು. ಗುಬ್ಬಿ ಚೆಂಡು ಮುಂದೆ ಹಿಡಿದಿದ್ದಳು. "ಆಯ್ತು ಆಯ್ತು, ನೋಡ್ದೆ" ಎಂದಿದ್ದಳು ಮೊಂಡಿ. ನೋಡಿರಲಿಲ್ಲ.

ಗೆದ್ದವರಿಗೆ ಕಪ್ಪೂ ಇಲ್ಲ, ಪದಕವೂ ಇಲ್ಲ. ಮುಂದಿನ ಶನಿವಾರ ಊರಾಚೆಯ ದೊಡ್ಡ ಗಾಲ್ಫ್ ಮೈದಾನದಲ್ಲಿ ಬೇರೆ ಶಾಲೆಯ ಮಕ್ಕಳ ಜೊತೆ ಆಡಬಹುದು. ಶಾಲೆಗೊಂದೇ ಸೀಟು.

ಮೊಂಡಿಗೆ ಬೇಕಾಗಿದ್ದದ್ದು ಅದೇ. ಅವಳ ಅಮ್ಮ ಆ ಮೈದಾನದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುತ್ತಾಳೆ. ರಜೆ ಇದ್ದಾಗ ಮೊಂಡಿ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಾಳೆ. ಗೇಟಿನಲ್ಲಿ ಮೀಸೆಯ ವಾಚ್‌ಮನ್ ಡಬ್ಬಿಯನ್ನು ಒಳಗೆ ಬಿಡುತ್ತಾನೆ, ಅವಳನ್ನು ಬಿಡುವುದಿಲ್ಲ. "ಕೆಲಸದವರ ಮಕ್ಕಳು ಒಳಗೆ ಬರೋ ಹಾಗಿಲ್ಲ. ರೂಲ್ಸು" ಎನ್ನುತ್ತಾನೆ. ಆ ಮಾತು ಕೇಳಿದಾಗಲೆಲ್ಲ ಮೊಂಡಿಯ ಮೈ ಉರಿಯುತ್ತದೆ. ಡಬ್ಬಿಗಿಂತ ನಾನು ಕಡಿಮೆಯಾ?

ಅಂದು ಸಂಜೆ ಸುದ್ದಿ ಕೇಳಿ, ಅಮ್ಮ ತಲೆಗೂದಲಿನಿಂದ ಹುಲ್ಲಿನ ಚೂರು ಹೆಕ್ಕುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು.

"ನಿಜವಾಗ್ಲೂನಾ? ಆ ಗೇಟಲ್ಲೇ ಬರ್ತೀಯಾ?"

"ಅದೇ ಗೇಟಲ್ಲಿ. ಬ್ಯಾಗ್ ಹಾಕ್ಕೊಂಡು. ಆ ಮೀಸೆ ಮಾಮನೇ ತೆಗೀಬೇಕು."

"ನನ್ನ ನೋಡಿದ್ರೆ ಕೈ ಬೀಸಬೇಡ ಮಾರಾಯ್ತಿ. ಎಲ್ಲರ ಎದುರು ನಾಚಿಕೆ ಆಗುತ್ತೆ" ಎಂದಳು ಅಮ್ಮ. ಆದರೆ ಊಟ ಮಾಡುವಾಗಲೂ ಅವಳ ನಗು ನಿಲ್ಲಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಮೊಂಡಿ ಶೆಡ್ಡಿನ ಹಿಂದಿರುವ ಮುರಿದ ಡೆಸ್ಕುಗಳ ರಾಶಿಯ ಮೇಲೆ ಹತ್ತಿ ಕೂತಳು. ಕಾಲು ಆಡಿಸಿದಾಗ ಒಂದು ಹಲಗೆ ಸರಿಯಿತು. ಒಳಗಿನಿಂದ ಟಕ್ ಟಕ್ ಎಂದು ಏನೋ ಉರುಳಿ ಹೊರಬಂತು.

ಗಾಲ್ಫ್ ಚೆಂಡು. ಅದರ ಮೇಲೆ ಹಸಿರು ಚುಕ್ಕೆ.

'ಓಹೋ, ಗುಬ್ಬಿಯದು ಇಲ್ಲಿ ಅಡಗಿತ್ತಾ!' ಎಂದುಕೊಂಡು ಮೊಂಡಿ ಅದನ್ನು ಎತ್ತಿಕೊಂಡಳು. ಬೆರಳಿನಿಂದ ತಿರುಗಿಸಿದಳು. ಚುಕ್ಕೆಯ ಪಕ್ಕದಲ್ಲೊಂದು ಸೊಟ್ಟ ಗೀಟು.

ಮನೆಯಲ್ಲಿ ಚುಕ್ಕೆ ಹಾಕುವಾಗ ಅವಳ ತಮ್ಮ ಮೊಣಕೈ ಎಳೆದಿದ್ದ. ಪೆನ್ನು ಜಾರಿ ಗೀಟು ಬಿದ್ದಿತ್ತು. "ಅಯ್ಯೋ, ಗೊದಮೊಟ್ಟೆ!" ಎಂದು ಅವನು ಕುಣಿದಿದ್ದ. ಅವನ ತಲೆಗೊಂದು ಮೊಟಕಿದ್ದಳು.

ಇದು ಅದೇ ಗೊದಮೊಟ್ಟೆ. ಹಾಗಾದರೆ ಬಾವುಟದ ಹತ್ತಿರ ಇದ್ದ ಚೆಂಡಿನ ಮೇಲೆ ಗೀಟು ಇತ್ತೇ? ಮೊಂಡಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಹಸಿರು ಕಂಡಿತ್ತು. ಕಂಡ ಕೂಡಲೇ ಕಿರುಚಿದ್ದಳು. ಆಮೇಲೆ ಏನೂ ನೋಡಿರಲಿಲ್ಲ. ಆಟ ಮುಗಿದ ಕೂಡಲೇ ಆ ಚೆಂಡು ಸರ್ ಚೀಲಕ್ಕೆ ಹೋಗಿತ್ತು.

ಚೆಂಡನ್ನು ಮತ್ತೆ ಹಲಗೆಯ ಕೆಳಗೆ ತಳ್ಳಿಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕ್ಷಣ ತಳ್ಳಿಯೂ ಬಿಟ್ಟಳು. ಆಮೇಲೆ ತನ್ನ ಮೇಲೇ ರೇಗಿ, ತೋಳು ತೂರಿಸಿ, ಧೂಳಿನ ಸಮೇತ ಎಳೆದುಕೊಂಡಳು.

ಗುಬ್ಬಿ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಳು. ಮೊಂಡಿ ಚೆಂಡನ್ನು ಅವಳ ಮೂಗಿನ ಎದುರು ಹಿಡಿದಳು.

"ಇದು ನಂದು. ಅವತ್ತು ನಾನು ಹೊಡೆದದ್ದು ನಿಂದು."

"ಗೊತ್ತು" ಎಂದಳು ಗುಬ್ಬಿ.

"ಗೊತ್ತಾ? ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ? ಹೇಳಬಾರದಿತ್ತಾ?"

"ಹೇಳ್ದೆ."

"ಯಾವಾಗ?"

"ಆಗಲೇ. ನನ್ನ ಚುಕ್ಕೆ ದುಂಡಗಿದೆ, ನಿಂದು ನೋಡು ಅಂತ ಹೇಳ್ದೆ. ನೀನು ಕಿರುಚ್ತಾ ಇದ್ದೆ. ಸರ್‌ಗೂ ಕೇಳಿಸ್ಲಿಲ್ಲ." ಗುಬ್ಬಿ ನಲ್ಲಿ ನಿಲ್ಲಿಸಿದಳು. "ಆಮೇಲೆ ಸರ್ ಕೇಳಿದಾಗ ನನಗೇ ಡೌಟ್ ಬಂತು. ನೀನು ಅಷ್ಟು ಜೋರಾಗಿ ಹೇಳ್ತಿದ್ದೆ."

ಮೊಂಡಿ ಗುಬ್ಬಿಯ ಕೈ ಹಿಡಿದು ಎಳೆದುಕೊಂಡು ಆಟದ ಕೋಣೆಗೆ ನಡೆದಳು.

ಬದುಕು ಸರ್ ಕೋಲುಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದರು. ಮೊಂಡಿ ಉಸಿರು ಬಿಡದೆ ಎಲ್ಲ ಹೇಳಿದಳು. ಸರ್ ಮುಖ ಅರಳಿತು.

"ಭೇಷ್! ನೀನಾಗೇ ಬಂದು ಹೇಳಿದ್ಯಲ್ಲ, ಇದೇ ನೋಡು ಪ್ರಾಮಾಣಿಕತೆ! ಶುಕ್ರವಾರ ಎಲ್ಲರ ಎದುರು ನಿನಗೆ ಪ್ರಾಮಾಣಿಕತೆ ಬ್ಯಾಡ್ಜ್ ಹಾಕ್ತೀನಿ. ಬದುಕಲ್ಲಿ..."

"ಶನಿವಾರ ಗುಬ್ಬಿ ಹೋಗ್ತಾಳಲ್ವಾ ಸರ್?"

ಸರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನೋಡು ಮರಿ, ನಿನ್ನ ಹೆಸರು ಕ್ಲಬ್‌ಗೆ ಕಳಿಸಿ ಆಯ್ತು. ಈಗ ಫೋನ್ ಮಾಡಿ, ನಮ್ಮಲ್ಲಿ ತಪ್ಪಾಗಿದೆ ಅಂದ್ರೆ ಚೆನ್ನಾಗಿರಲ್ಲ. ನೀನೇನು ಬೇಕಂತ ಮಾಡಿಲ್ವಲ್ಲ. ಗುಬ್ಬಿಗೆ ಮುಂದಿನ ವರ್ಷ ನೋಡೋಣ. ಅಲ್ವಾ ಗುಬ್ಬಿ?"

ಗುಬ್ಬಿ ಬಾಯಿ ತೆರೆದಳು. ಮೊಂಡಿ ಮಾತಾಡಲು ಹೊರಟವಳು ತುಟಿ ಕಚ್ಚಿ ಹಿಡಿದು ಕಾದಳು.

"ನನಗೆ ಈ ವರ್ಷ ಹೋಗ್ಬೇಕು ಸರ್" ಎಂದಳು ಗುಬ್ಬಿ. ಸಣ್ಣ ಧ್ವನಿಯೇ. ಆದರೆ ಕೋಣೆ ಸುಮ್ಮನಿತ್ತು. ಎಲ್ಲರಿಗೂ ಕೇಳಿಸಿತು.

"ಕೇಳಿಸ್ತಾ ಸರ್?" ಈಗ ಮೊಂಡಿಯ ಕಟ್ಟೆ ಒಡೆಯಿತು. "ಬೇರೆಯವರ ಬಾಲ್ ಹೊಡೆದ್ರೆ ಎರಡು ಹೊಡೆತ ಜಾಸ್ತಿ ಅಂತ ನೀವೇ ಹೇಳಿಕೊಟ್ಟಿದ್ದು. ನಾನು ಗೆದ್ದಿದ್ದು ಒಂದರಿಂದ. ಹಾಗಾದ್ರೆ ನಾನು ಸೋತೆ! ಸೋತವರಿಗೆ ಬ್ಯಾಡ್ಜೂ ಕೊಟ್ಟು, ಸೀಟೂ ಕೊಟ್ಟು, ಗೆದ್ದವಳಿಗೆ ಮುಂದಿನ ವರ್ಷ ಅಂತೀರಾ? ನನಗೆ ಬ್ಯಾಡ್ಜ್ ಬೇಡ. ಅವಳಿಗೆ ಸೀಟ್ ಕೊಡಿ!"

"ಅರೆ, ನಿಧಾನ..."

"ನೀವು ಫೋನ್ ಮಾಡೋ ತನಕ ಏಳಲ್ಲ." ಮೊಂಡಿ ಹೋಗಿ ಗಾಲ್ಫ್ ಚೀಲದ ಮೇಲೆ ಧಪ್ಪನೆ ಕೂತುಬಿಟ್ಟಳು.

ಸರ್ ಗದರಿದರು. ಪುಸಲಾಯಿಸಿದರು. ಗಂಟೆ ಹೊಡೆಯಿತು. ಆಟದ ಪಿರಿಯಡ್ಡಿನ ಮಕ್ಕಳು ಬಂದು ಬಾಗಿಲಲ್ಲಿ ಇಣುಕಿದರು. ಕೋಲುಗಳೆಲ್ಲ ಮೊಂಡಿಯ ಕೆಳಗೆ! ಚೀಲ ಒತ್ತಿ ಅವಳಿಗೂ ನೋಯುತ್ತಿತ್ತು, ಆದರೆ ಅಲ್ಲಾಡಲಿಲ್ಲ.

"ಬದುಕಲ್ಲಿ ಇಷ್ಟು ಹಟ ಒಳ್ಳೇದಲ್ಲ ಮರಿ..."

"ಸರ್, ಫೋನು."

ಸರ್ ಗೋಡೆಯ ಮೇಲೆ ತಾವೇ ಬರೆಸಿದ್ದ ದಪ್ಪ ಅಕ್ಷರಗಳನ್ನು ಒಮ್ಮೆ ನೋಡಿದರು. ಕಿವಿ ಕೆಂಪಾಯಿತು. ಜೇಬಿನಿಂದ ಫೋನ್ ತೆಗೆದರು.

ಹೊರಗೆ ಬಂದ ಮೇಲೆ ಗುಬ್ಬಿ ಕೇಳಿದಳು, "ಅಲ್ಲಿ ನಿನ್ನಂಥವರು ಯಾರಾದ್ರೂ ಇದ್ರೆ?"

"ಕಿರುಚು" ಎಂದಳು ಮೊಂಡಿ.

ಅಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೇಳಿ ಅಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ನಾನು ಎಲ್ಲರಿಗೂ ಹೇಳ್ಕೊಂಡು ಬಂದಿದ್ನಲ್ಲೇ. ಈಗ ಏನಂತ ಹೇಳ್ಲಿ?"

"ಸೋತಳು ಅಂತ ಹೇಳು" ಎಂದಳು ಮೊಂಡಿ. ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. ಅಮ್ಮನ ಬಟ್ಟೆಯಿಂದ ಕತ್ತರಿಸಿದ ಹುಲ್ಲಿನ ವಾಸನೆ ಬರುತ್ತಿತ್ತು. ಮೊಂಡಿ ಆಗ ಅತ್ತಳು, ಚೆನ್ನಾಗಿ ಅತ್ತಳು.

ಶನಿವಾರ ಅವಳು ಡಬ್ಬಿ ಹಿಡಿದು ಗೇಟಿಗೆ ಹೋದಳು. ವಾಚ್‌ಮನ್ ಡಬ್ಬಿ ತೆಗೆದುಕೊಂಡು ಮೀಸೆ ತಿರುವಿದ.

"ಏನಮ್ಮ, ಒಳಗೆ ಆಡೋಕೆ ಬರ್ತೀಯ ಅಂದಿದ್ರು?"

"ಇವತ್ತಲ್ಲ. ಇನ್ನೊಂದ್ಸಲ ಬರ್ತೀನಿ. ಆಗ ನೀವೇ ಗೇಟ್ ತೆಗೀತೀರಿ."

"ಹಾಂ ಹಾಂ, ನೋಡೋಣ. ಈಗ ಹೊರಡು, ಇಲ್ಲಿ ನಿಲ್ಲಬಾರದು."

"ಬೇಲಿ ಒಳಗಡೆ ನಿಮ್ದು ಮಾಮ. ರಸ್ತೆ ಎಲ್ರದ್ದು." ಮೊಂಡಿ ರಸ್ತೆಯ ಅಂಚಿನಲ್ಲಿ, ತಂತಿ ಬೇಲಿಗೆ ಮುಖ ಒತ್ತಿ ನಿಂತಳು.

ಒಳಗೆ ಹುಲ್ಲು ಹಾಸಿಗೆಯಂತಿತ್ತು. ಅಮ್ಮ ಕತ್ತರಿಸಿದ ಹುಲ್ಲು. ಮಕ್ಕಳು ಇಬ್ಬಿಬ್ಬರಾಗಿ ನಿಂತಿದ್ದರು. ಗುಬ್ಬಿಯ ಜೊತೆಗೊಬ್ಬ ಎತ್ತರದ ಹುಡುಗ. ಗುಬ್ಬಿ ತನ್ನ ಚೆಂಡನ್ನು ಅವನ ಮುಂದೆ ಹಿಡಿದಳು. ಅವನು ಬೇರೆ ಯಾರ ಜೊತೆಗೋ ನಗುತ್ತಾ, ಇತ್ತ ತಿರುಗದೆ ತಲೆಯಾಡಿಸಿದ.

ಮೊಂಡಿಗೆ ಆ ತಲೆಯಾಟ ಚೆನ್ನಾಗಿ ಗೊತ್ತಿತ್ತು. 'ಏಯ್ ಲಂಬೂ!' ಎಂದು ಕೂಗಲು ಉಸಿರೆಳೆದುಕೊಂಡಳು.

ಕೂಗಲಿಲ್ಲ. ಕಾದಳು.

"ಏಯ್!" ಒಳಗಿನಿಂದ ಧ್ವನಿ ಬಂತು. ಅದು ಬೇಲಿ ದಾಟಿ ರಸ್ತೆಗೂ ಕೇಳಿಸಿತು. "ನನ್ನ ಬಾಲ್ ನೋಡು! ಸರಿಯಾಗಿ ನೋಡು!"

ಎಲ್ಲರೂ ತಿರುಗಿದರು. ಎತ್ತರದ ಹುಡುಗ ಗಾಬರಿಯಿಂದ ಬಗ್ಗಿ ನೋಡಿದ. ತನ್ನದನ್ನೂ ತೋರಿಸಿದ.

ಗುಬ್ಬಿ ತಲೆ ಎತ್ತಿದಾಗ ಬೇಲಿಯಾಚೆ ಮೊಂಡಿ ಕಂಡಳು. ಗುಬ್ಬಿ ಚೆಂಡನ್ನು ಅವಳ ಕಡೆಗೂ ಎತ್ತಿ ಹಿಡಿದಳು.

ಮೊಂಡಿ ಜೇಬಿಗೆ ಕೈ ಹಾಕಿ ತನ್ನ ಗೊದಮೊಟ್ಟೆಯನ್ನು ತೆಗೆದು, ತಂತಿಯ ನಡುವೆ ತೂರಿಸಿ ತೋರಿಸಿದಳು. ಅಷ್ಟು ದೂರಕ್ಕೆ ಗುಬ್ಬಿಯ ಚೆಂಡಿನ ಚುಕ್ಕೆ ಕಾಣುವ ಮಾತೇ ಇರಲಿಲ್ಲ. ಆದರೂ ಅವಳು ಕಣ್ಣು ಕಿರಿದು ಮಾಡಿಕೊಂಡು, ಗುಬ್ಬಿ ಕೈ ಇಳಿಸುವ ತನಕ ನೋಡುತ್ತಲೇ ಇದ್ದಳು.