ಅಧ್ಯಯನದಿಂದ ಅಳಿಸಿದ ಮಾತುಗಳು

"ಕಳೆದ ವಾರ ನಿಮ್ಮನ್ನು ಯಾರಾದರೂ ಮುಟ್ಟಿದ್ದಾರಾ?"

ಫೋನಿನ ಆ ಬದಿಯಲ್ಲಿ ಒಬ್ಬ ಗಂಡಸಿನ ದನಿ. "ನಾನೇ ಮುಟ್ದೆ ಮೇಡಂ... ಅಪ್ಪನ್ನ. ತಣ್ಣಗಿದ್ರು. ಆಸ್ಪತ್ರೆಯವರು ಒಯ್ದ್ರು. ಈಗ ಹೆಣ ಎಲ್ಲಿದೆ ಅಂತ ಅವರಿಗೇ ಗೊತ್ತಿಲ್ಲ."

ಪ್ರಶ್ನೆ ಕೇಳಿದವಳು ಮಾರಿಟ್ಸಾ ಕ್ವಿಮಿ. ಅವಳು ಗ್ವಾಯಾಕಿಲ್ ನಗರದ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ನಡವಳಿಕೆಯ ಸಂಶೋಧಕಿ. ಜನರನ್ನು ಕೋಣೆಯಲ್ಲಿ ಕೂರಿಸಿ, ಗಾಜಿನಾಚೆ ನಿಂತು ಗಮನಿಸುವುದು ಅವಳ ಕೆಲಸವಾಗಿತ್ತು. ಕೊರೊನಾ ಬಂದು ಆ ಕೋಣೆಗೆ ಬೀಗ ಬಿತ್ತು. ಉಳಿದದ್ದು ಫೋನು ಮತ್ತು ಸಿದ್ಧ ಪ್ರಶ್ನೆಗಳು. ಸಮಾಧಾನ ಹೇಳಬಾರದು, ಅದು ನಿಯಮ.

ಅವಳು ಮುಂದಿನ ಪ್ರಶ್ನೆ ಓದಿದಳು. ಅವನು ಫೋನ್ ಇಟ್ಟುಬಿಟ್ಟ.

ಛೇ... ನಾನೂ ಮನುಷ್ಯಳಾ?

ಮರುದಿನ ಪ್ರಶ್ನೆಗಳನ್ನು ಬದಿಗಿಟ್ಟು ಮತ್ತೆ ಕರೆ ಮಾಡಿದಳು. "ನಿಮ್ಮ ಅಪ್ಪನ ಬಗ್ಗೆ ಹೇಳ್ತೀರಾ?"

ವಿಲ್ಮರ್ ಯಾಗ್ವಲ್ ಹೇಳಿದ. ಅವನದು ಕ್ಷೌರದಂಗಡಿ. ಅದೂ ಮುಚ್ಚಿ, ದಿನವಿಡೀ ಒಬ್ಬನೇ ಮನೆಯಲ್ಲಿದ್ದ. ಅವನ ಮಾತು ಕೇಳಿದ ಮೇಲೆ ಅವಳ ತಂಡವೇ ಅಂಕಿ ಕೇಳುವುದನ್ನು ಬಿಟ್ಟು, ಜನ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ರೆಕಾರ್ಡ್ ಮಾಡಿಕೊಳ್ಳತೊಡಗಿತು. ಆದರೆ ಅವನ ಕರೆಗೆ ಮಾತ್ರ ಅವಳ ಎದೆ ಬೇರೆಯಾಗಿ ಬಡಿಯುತ್ತಿತ್ತು. ಒಂದು ಸಂಜೆ ಕರೆ ತಪ್ಪಿದರೆ ಅವನಿಗೂ ಊಟ ಸೇರುತ್ತಿರಲಿಲ್ಲ.

ಒಂದು ಬೆಳಗ್ಗೆ ಅವಳು ರೇಡಿಯೋದಲ್ಲಿ ಈ ಹೊಸ ಬಗೆಯ ಅಧ್ಯಯನದ ಬಗ್ಗೆ ಮಾತಾಡಿದಳು. ಹೆಸರು ಹೇಳದೆ, ಅವನನ್ನು ಕೇಳದೆ, ಅಪ್ಪನ ಹೆಣ ಹುಡುಕುವ ಕ್ಷೌರಿಕನ ಕಥೆ ಹೇಳಿದಳು.

ತಕ್ಷಣ ಅವನ ಫೋನ್ ಬಂತು. "ಇಷ್ಟು ದಿನ ಮಾತಾಡಿದ್ದು ಇದಕ್ಕಾ? ನಿಮ್ಮ ಪ್ರಯೋಗದ ಇಲಿನಾ ನಾನು?"

"ವಿಲ್ಮರ್, ಹಾಗಲ್ಲ..."

ಆಮೇಲೆ ಅವನು ಫೋನ್ ಎತ್ತಲಿಲ್ಲ.

ಲಸಿಕೆ ಬಂದು ಅಂಗಡಿಗಳು ತೆರೆದ ಮೇಲೆ ಅವಳು ಅವನನ್ನು ಹುಡುಕಿಕೊಂಡು ಹೋದಳು. ಅವನು ತನ್ನ ಅಂಗಡಿಯ ಖಾಲಿ ಕುರ್ಚಿಯ ಪಕ್ಕ ನಿಂತಿದ್ದ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, ಆದರೆ ದನಿ ಕೇಳಿದೊಡನೆ ಅವನಿಗೆ ಗೊತ್ತಾಯಿತು.

"ಅಧ್ಯಯನದಿಂದ ನಿಮ್ಮ ಮಾತೆಲ್ಲ ಅಳಿಸಿದೀನಿ. ರೆಕಾರ್ಡಿಂಗೂ ಇಲ್ಲ," ಎಂದಳು.

ಅವನ ಮುಖ ಬಿಳಿಚಿತು. "ಅಳಿಸಿದ್ರಾ? ಹೆಣ ಸಿಗಲಿಲ್ಲ. ಗೋರಿ ಇಲ್ಲ. ಅಪ್ಪ ಆ ಮಾತುಗಳಲ್ಲಾದ್ರೂ ಇದ್ದಾರೆ ಅಂದ್ಕೊಂಡಿದ್ದೆ..."

ಮಾರಿಟ್ಸಾ ಆ ಕುರ್ಚಿಯಲ್ಲೇ ಕುಸಿದಳು. ತಪ್ಪು ತಿದ್ದಲು ಹೋಗಿ ಇವನ ಅಪ್ಪನನ್ನು ಇನ್ನೊಮ್ಮೆ ಕೊಂದೆನೇ?

"ನಂಗೆ ನೆನಪಿದೆ," ಎಂದಳು. "ಮೀನು ಸಾರಿಗೆ ನಿಂಬೆ ಸಾಲ್ದು ಅಂತ ನಿಮ್ಮಪ್ಪ ನಿಮ್ಮಮ್ಮನ ಜೊತೆ ಜಗಳ ಆಡ್ತಿದ್ರು."

"ಅಮ್ಮನ ಜೊತೆ ಅಲ್ಲ. ಮೂಲೆ ಹೋಟೆಲಿನವಳ ಜೊತೆ." ಅವನ ದನಿ ಒಡೆಯಿತು. "ಮುಂದೆ ಹೇಳಿ."

ಅವಳು ಹೇಳುತ್ತ ಹೋದಳು. ಅವನು ನೆಲಕ್ಕೆ ಕೂತು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತ.

"ಪ್ರೀತಿ ಮಾಡೋ ಶಕ್ತಿ ನನ್ನಲ್ಲಿ ಉಳಿದಿಲ್ಲ, ಮಾರಿಟ್ಸಾ."

"ಗೊತ್ತು. ನನ್ನಲ್ಲಿದೆ."

ಅವನು ಕಣ್ಣೊರೆಸಿಕೊಂಡು ಕೇಳಿದ, "ನಾಳೆ ಬರ್ತೀಯಾ?"

"ಬರೋಕೆ ಮೊದಲು ಹೋಗಬೇಕಲ್ಲ... ನಾನು ಹೋಗಲ್ಲ."